ಸೊರಗಿಲ್ಲ ಅಮ್ಮ, ನಿಧಾನವಾಗಿ ಇಳಿದಿದ್ದೇನೆ

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಲ್ಲಿ ನೀವೂ ತಂಗಿಯೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಕಳೆದ ಭಾನುವಾರ ವಿಡಿಯೋ ಕರೆಯಲ್ಲಿ ನನ್ನ ಮುಖ ಕಂಡೊಡನೆ ಅಮ್ಮ, ನೀವು "ಯಾಕೋ ಇಷ್ಟು ಸೊರಗಿಬಿಟ್ಟಿದ್ದೀಯ, ಮೈಯಲ್ಲಿ ಹುಷಾರಿಲ್ಲವೇನೋ?" ಎಂದು ಕೇಳಿದಿರಿ. ನಾನು ಎಷ್ಟು ಸಮಾಧಾನ ಹೇಳಿದರೂ ಕರೆ ಮುಗಿಯುವವರೆಗೆ ನಿಮ್ಮ ದನಿಯಲ್ಲಿದ್ದ ಆತಂಕ ಹೋಗಲಿಲ್ಲ. ಅದೇ ಹೊತ್ತಿಗೆ ಅಪ್ಪ, ವೈದ್ಯರು ತೂಕ ಇಳಿಸಲು ಹೇಳಿರುವುದನ್ನೂ, ಒಂದೇ ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಉಪವಾಸದ ಕ್ರಮವೊಂದನ್ನು ಪರಿಚಯದವರು ತಿಳಿಸಿಕೊಟ್ಟಿರುವುದನ್ನೂ, ಬರುವ ತಿಂಗಳಿನಿಂದ ಅದನ್ನು ಹಿಡಿಯಬೇಕೆಂದಿರುವುದನ್ನೂ ನೀವು ಹೇಳಿದಿರಿ. ಈ ಎರಡು ಮಾತುಗಳಿಗೂ ಫೋನಿನಲ್ಲಿ ಸರಿಯಾಗಿ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕಾಗಿ ಕುಳಿತು ಬರೆಯುತ್ತಿದ್ದೇನೆ. ಅಪ್ಪ, ಈ ಪತ್ರವನ್ನು ಪೂರ್ತಿ ಓದುವವರೆಗೆ ಆ ಕ್ರಮವನ್ನು ದಯವಿಟ್ಟು ಆರಂಭಿಸಬೇಡಿ.

ಮೊದಲು ಅಮ್ಮನ ಆತಂಕಕ್ಕೆ ಉತ್ತರ. ನಿಮ್ಮ ಅನುಮಾನ ತಪ್ಪೆಂದು ನಾನು ಹೇಳುವುದಿಲ್ಲ. ಪ್ರಯತ್ನವೇ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಯಾರದಾದರೂ ತೂಕ ಶೇಕಡಾ 5ಕ್ಕಿಂತ ಹೆಚ್ಚು ಇಳಿದರೆ ಅವರು ವೈದ್ಯರನ್ನು ಕಾಣಲೇಬೇಕು. ಥೈರಾಯ್ಡ್, ಮಧುಮೇಹ, ಕ್ಷಯ, ಇನ್ನೂ ಗಂಭೀರವಾದ ಕಾಯಿಲೆಗಳು ಹಾಗೆ ಸದ್ದಿಲ್ಲದೆ ತೂಕವನ್ನು ಕರಗಿಸುತ್ತವೆ. ನನ್ನದು ಹಾಗಲ್ಲ. 92 ಕಿಲೋ ಇದ್ದ ನಾನು 79ಕ್ಕೆ ಬಂದಿರುವುದು ಇಪ್ಪತ್ತು ತಿಂಗಳುಗಳಲ್ಲಿ. ಲೆಕ್ಕ ಹಾಕಿದರೆ ತಿಂಗಳಿಗೆ 650 ಗ್ರಾಂ ಆಗುತ್ತದೆ. ಈ ಮಧ್ಯೆ ಎರಡು ಬಾರಿ ರಕ್ತ ಪರೀಕ್ಷೆ ಮಾಡಿಸಿದ್ದೇನೆ, ಎರಡರಲ್ಲೂ ಎಲ್ಲವೂ ಸರಿಯಾಗಿದೆ. ನೀವು ನನ್ನನ್ನು ಕಣ್ಣಾರೆ ಕಂಡು ಎರಡು ವರ್ಷ ಕಳೆದಿದೆ. ಇತ್ತೀಚಿನವರೆಗೂ ಕರೆಯಲ್ಲಿ ನನ್ನ ಮುಖ ಕತ್ತಲಲ್ಲೇ ಇರುತ್ತಿತ್ತು. ಆ ದಿನ ಕಿಟಕಿಯ ಬೆಳಕಿನಲ್ಲಿದ್ದೆನಾದ್ದರಿಂದ ಇಪ್ಪತ್ತು ತಿಂಗಳ ಬದಲಾವಣೆ ನಿಮಗೆ ಒಂದೇ ಸಲಕ್ಕೆ ಕಂಡು ಗಾಬರಿಯಾಯಿತು.

ಇನ್ನು ಆತುರದ ಮಾತು. ನಾಲ್ಕು ವರ್ಷಗಳ ಹಿಂದೆ ನಾನೂ ಇಂಥದೇ ಒಂದು ಕ್ರಮವನ್ನು ಹಿಡಿದಿದ್ದೆ. ಬೈಯುತ್ತೀರೆಂದು ನಿಮಗೆ ತಿಳಿಸಿರಲಿಲ್ಲ. ರಾತ್ರಿಯ ಊಟವನ್ನು ಪೂರ್ತಿ ಬಿಟ್ಟು, ಮಧ್ಯಾಹ್ನ ಒಂದು ಬಟ್ಟಲು ಬೇಯಿಸಿದ ತರಕಾರಿ ಮಾತ್ರ ತಿಂದು ಐದು ವಾರಗಳಲ್ಲಿ ಆರು ಕಿಲೋ ಇಳಿದೆ. ಮೊದಲ ವಾರದಲ್ಲೇ ಮೂರು ಕಿಲೋ ಇಳಿದದ್ದನ್ನು ಕಂಡು ಹಿಗ್ಗಿದ್ದೆ. ಅದರಲ್ಲಿ ಬಹುಪಾಲು ನೀರು ಎಂಬುದು ನನಗೆ ಆಗ ತಿಳಿದಿರಲಿಲ್ಲ. ನಮ್ಮ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಕ್ಕರೆಯು ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗಿರುತ್ತದೆ. ಅದರ ಪ್ರತಿಯೊಂದು ಗ್ರಾಂ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದು ಈ ದಾಸ್ತಾನಿಗೆ. ಅದು ಕರಗಿದಂತೆ ನೀರೂ ಹೊರಹೋಗಿ ತೂಕದ ಯಂತ್ರದ ಮುಳ್ಳು ಸರ್ರನೆ ಇಳಿಯುತ್ತದೆ. ಎರಡು ದಿನ ಹೊಟ್ಟೆ ತುಂಬ ಉಂಡರೆ ಅದೇ ವೇಗದಲ್ಲಿ ಮೇಲೇರುತ್ತದೆ.

ಅಪ್ಪ, ನೀವು ಜೀವಮಾನವಿಡೀ ಲೆಕ್ಕ ಬರೆದವರು, ಆದ್ದರಿಂದ ಈ ಲೆಕ್ಕವನ್ನು ನೀವೇ ನೋಡಿ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ಹತ್ತು ಕಿಲೋ ಕೊಬ್ಬನ್ನು ಮೂವತ್ತು ದಿನಗಳಲ್ಲಿ ಕರಗಿಸಬೇಕಾದರೆ ದಿನಕ್ಕೆ 2,500ಕ್ಕೂ ಹೆಚ್ಚು ಕ್ಯಾಲೊರಿ ಕೊರತೆ ಬೀಳಬೇಕು. ಹೆಚ್ಚಿನ ಸಮಯ ಕುಳಿತೇ ಇರುವ ನಿಮ್ಮ ವಯಸ್ಸಿನವರ ದೇಹ ದಿನವಿಡೀ ಖರ್ಚು ಮಾಡುವುದೇ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಅಂದರೆ ಒಂದು ತಿಂಗಳು ಒಂದು ತುತ್ತೂ ತಿನ್ನದೆ ಕುಳಿತರೂ ಹತ್ತು ಕಿಲೋ ಕೊಬ್ಬು ಕರಗದು. ಹಾಗೆಂದ ಮೇಲೆ ಅಂಥ ಕ್ರಮದಲ್ಲಿ ಇಳಿಯುವುದು ಕೊಬ್ಬಿನ ಜೊತೆಗೆ ನೀರು ಮತ್ತು ಸ್ನಾಯು. ನಿಮ್ಮ ವಯಸ್ಸಿನಲ್ಲಿ ಕಳೆದುಕೊಂಡ ಸ್ನಾಯುವನ್ನು ಮತ್ತೆ ಗಳಿಸುವುದು ಬಹಳ ಕಷ್ಟ. ಸಾಲದ್ದಕ್ಕೆ, ತೂಕ ತೀರಾ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವವೂ ಹೆಚ್ಚುತ್ತದೆ.

ನನ್ನ ಆ ಆರು ಕಿಲೋ ಎಂಟು ತಿಂಗಳಲ್ಲಿ ಮರಳಿ ಬಂತು, ಇನ್ನೂ ಎರಡು ಕಿಲೋವನ್ನು ಜೊತೆಗೆ ಕರೆತಂತು. ನನಗೆ ಮನಸ್ಸಿನ ಗಟ್ಟಿತನ ಇಲ್ಲವೆಂದು ಬಹಳ ದಿನ ನೊಂದುಕೊಂಡಿದ್ದೆ. ಆಮೇಲೆ ಒಂದು ಹಳೆಯ ಪ್ರಯೋಗದ ವಿಷಯ ಓದಿ ಆ ನೋವು ಕಡಿಮೆಯಾಯಿತು. 1944 ಮತ್ತು 1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಂತ ಇಚ್ಛೆಯಿಂದ ಮುಂದೆ ಬಂದ 36 ಆರೋಗ್ಯವಂತ ಯುವಕರಿಗೆ ಇಪ್ಪತ್ನಾಲ್ಕು ವಾರಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ನೋಡಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಆದರೆ ಅವರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆಯಾಯಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂರುವವರೂ ತಟ್ಟೆ ನೆಕ್ಕುವವರೂ ಆದರು. ಮೈ ತಣ್ಣಗಾಗಿ, ಮನಸ್ಸು ಮಂಕಾಗಿ, ಸಣ್ಣ ಮಾತಿಗೂ ಸಿಡುಕುವಂತಾಯಿತು. ಪ್ರಯೋಗ ಮುಗಿದ ಮೇಲೆ ಎಷ್ಟು ಉಂಡರೂ ಅವರಿಗೆ ತೃಪ್ತಿಯಾಗುತ್ತಿರಲಿಲ್ಲ. ಗಟ್ಟಿಮುಟ್ಟಾದ ಯುವಕರಿಗೇ ಹೀಗಾದ ಮೇಲೆ, ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯ ಡಬ್ಬಿ ತೆರೆದ ನನ್ನ ಕೈಯನ್ನು ನಾನೇಕೆ ಶಪಿಸಬೇಕು? ಹಸಿವನ್ನು ಹೆದರಿಸಿ ಓಡಿಸಲಾಗದು ಎಂದು ಅಂದು ಒಪ್ಪಿಕೊಂಡೆ. ಈ ಸಲ ಹೊಟ್ಟೆ ತುಂಬ ಉಣ್ಣುತ್ತಲೇ ಇಳಿಯಬೇಕೆಂದು ತೀರ್ಮಾನಿಸಿದೆ.

ಹಾಗಾದರೆ ಏನು ಮಾಡಿದೆ ಎಂದು ಕೇಳುತ್ತೀರಿ. ಮೊದಲ ಎರಡು ತಿಂಗಳು ನಾನು ಬದಲಿಸಿದ್ದು ಎರಡೇ ಸಂಗತಿ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದವನು ಒಂದೂವರೆಗೆ ಇಳಿಸಿದೆ, ಮೂರು ವಾರಗಳ ನಂತರ ಒಂದಕ್ಕೆ, ಆಮೇಲೆ ಅರ್ಧಕ್ಕೆ. ನಾಲಿಗೆಗೆ ಗೊತ್ತೇ ಆಗಲಿಲ್ಲ. ಈಗ ಯಾರಾದರೂ ಎರಡು ಚಮಚ ಹಾಕಿ ಕೊಟ್ಟರೆ ಕುಡಿಯಲಾಗುವುದಿಲ್ಲ. ಎರಡನೆಯದು, ಊಟದ ಪಾತ್ರೆಗಳನ್ನು ಮೇಜಿನ ಮೇಲೆ ತಂದಿಟ್ಟುಕೊಳ್ಳುವುದನ್ನು ನಿಲ್ಲಿಸಿ, ಬೇಕಾದಷ್ಟನ್ನು ಒಲೆಯ ಬಳಿಯೇ ತಟ್ಟೆಗೆ ಬಡಿಸಿಕೊಂಡು ಬಂದು ಕೂರತೊಡಗಿದೆ. ಮತ್ತೆ ಬೇಕಾದರೆ ಎದ್ದು ಹೋಗಿ ತರುವುದಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. ಆದರೆ ಹತ್ತರಲ್ಲಿ ಏಳು ಸಲ ಏಳಬೇಕೆನಿಸಲಿಲ್ಲ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವುದಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕಾಗುತ್ತದೆ, ನಾನಾದರೋ ಎಂಟೇ ನಿಮಿಷದಲ್ಲಿ ಊಟ ಮುಗಿಸುತ್ತಿದ್ದೆ. ಕೈಗೆಟುಕುವ ದೂರದಲ್ಲಿ ಪಾತ್ರೆಯಿದ್ದಾಗ ಆ ಸುದ್ದಿ ಬರುವ ಮೊದಲೇ ಎರಡನೆಯ ಸಲ ಬಡಿಸಿಕೊಂಡಾಗಿರುತ್ತಿತ್ತು.

ಆಮೇಲೆ ತಟ್ಟೆಯ ಅರ್ಧ ಭಾಗವನ್ನು ತರಕಾರಿಗೆ ಬಿಟ್ಟೆ; ಉಳಿದರ್ಧವನ್ನು ಬೇಳೆಕಾಳುಗಳಿಗೂ ಧಾನ್ಯಕ್ಕೂ ಹಂಚಿದೆ. ಪ್ರೋಟೀನ್ ಮತ್ತು ನಾರು ಇರುವ ಆಹಾರದಿಂದ ಹಸಿವು ಹೆಚ್ಚು ಹೊತ್ತು ತಣಿದಿರುತ್ತದೆ ಎಂಬುದನ್ನು ಓದಿ ತಿಳಿದಿದ್ದೆನಾದರೂ, ಸಂಜೆ ನಾಲ್ಕಕ್ಕೆ ಕಚೇರಿಯಲ್ಲಿ ತಿಂಡಿಯ ಡ್ರಾಯರು ನೆನಪಾಗದೇ ಹೋದ ದಿನ ಅದು ನನ್ನ ಸ್ವಂತ ಅನುಭವವಾಯಿತು. ಪೊಟ್ಟಣದ ತಿನಿಸುಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಇಪ್ಪತ್ತು ಜನರನ್ನು ಒಂದೇ ಕಡೆ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಹೆಚ್ಚು ಸಂಸ್ಕರಣೆಯಿಲ್ಲದ ಆಹಾರವನ್ನೂ ಮನಸ್ಸಿಗೆ ಬಂದಷ್ಟು ತಿನ್ನಲು ಬಿಟ್ಟರು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅವರು ತಮಗೇ ಅರಿವಿಲ್ಲದಂತೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಹತ್ತಿರ ಹತ್ತಿರ ಒಂದು ಕಿಲೋ ದಪ್ಪಗಾದರು. ಇನ್ನೊಂದು ಆಹಾರದ ವಾರಗಳಲ್ಲಿ ಅಷ್ಟೇ ಇಳಿದರು. ಇದನ್ನು ಓದಿದ ಮೇಲೆ ನಾನು ಅಂಥ ಪೊಟ್ಟಣಗಳನ್ನು ಮನೆಗೆ ತರುವುದನ್ನೇ ಬಿಟ್ಟಿದ್ದೇನೆ. ಯಾರದಾದರೂ ಮನೆಗೆ ಹೋದಾಗ ಕೊಟ್ಟರೆ ಸಂತೋಷವಾಗಿ ತಿನ್ನುತ್ತೇನೆ.

ಇನ್ನು ವ್ಯಾಯಾಮ. ಇದರ ಬಗ್ಗೆ ನಾನು ಹೆಚ್ಚು ಬರೆಯಬೇಕೆಂದಿದ್ದೇನೆ, ಏಕೆಂದರೆ ನನ್ನ ಬದುಕು ನಿಜವಾಗಿ ಬದಲಾದದ್ದು ಇದರಿಂದ. ಬರಿಯ ವ್ಯಾಯಾಮದಿಂದ ತೂಕ ಬಹಳ ಇಳಿಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 150 ಕ್ಯಾಲೊರಿಯ ಆಸುಪಾಸು. ನಾಲ್ಕು ಬಿಸ್ಕತ್ತು ತಿಂದರೆ ಅಷ್ಟೂ ಮರಳಿ ಬರುತ್ತದೆ. ಆದರೆ ಇಳಿದ ತೂಕವನ್ನು ಇಳಿದಲ್ಲೇ ನಿಲ್ಲಿಸುವುದಕ್ಕೆ ಮೈಯಾಡಿಸುವುದು ಬೇಕೇ ಬೇಕು. ಅಮೆರಿಕದಲ್ಲಿ 1994ರಿಂದ, 13.6 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇಳಿಸಿ ಕನಿಷ್ಠ ಒಂದು ವರ್ಷ ಹಾಗೆಯೇ ಉಳಿಸಿಕೊಂಡವರ ದಾಖಲೆಯೊಂದನ್ನು ಇಡುತ್ತ ಬಂದಿದ್ದಾರೆ. ಅದರಲ್ಲಿರುವ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ದೇಹವನ್ನು ದುಡಿಸುವವರು, ಅವರಲ್ಲಿ ಬಹಳ ಜನ ಆರಿಸಿಕೊಂಡಿರುವುದು ನಡಿಗೆಯನ್ನು. ದಿನಕ್ಕೊಂದು ಗಂಟೆಯ ಕೆಲಸವನ್ನು ವರ್ಷಗಟ್ಟಲೆ ಮಾಡಬೇಕೆಂದರೆ ಅದು ಇಷ್ಟವಾಗಿರಬೇಕು. ನನ್ನ ಹಿಂದಿನ ತಪ್ಪು ಇಲ್ಲಿಯೇ ಇತ್ತು. ಜಿಮ್ಮಿಗೆ ವರ್ಷದ ಶುಲ್ಕ ಕಟ್ಟಿ ಟ್ರೆಡ್‌ಮಿಲ್ಲಿನ ಮೇಲೆ ಗೋಡೆ ನೋಡುತ್ತ ಓಡುವಾಗ, ಇನ್ನೆಷ್ಟು ನಿಮಿಷ ಉಳಿದಿದೆ ಎಂಬುದೊಂದೇ ನನ್ನ ತಲೆಯಲ್ಲಿರುತ್ತಿತ್ತು. ಏಳನೆಯ ವಾರ ಹೋಗುವುದು ನಿಂತಿತು.

ಈ ಸಲ, ತೂಕ ಒಂದು ಗ್ರಾಂ ಇಳಿಯದಿದ್ದರೂ ಮಾಡಬೇಕೆನಿಸುವಂಥದು ಯಾವುದಿದೆ ಎಂದು ನನ್ನನ್ನೇ ಕೇಳಿಕೊಂಡೆ. ಚಿಕ್ಕವನಿದ್ದಾಗ ನೀರಿಗೆ ಹೆದರಿ ದಡದಲ್ಲೇ ನಿಂತು ಉಳಿದವರು ಈಜುವುದನ್ನು ಆಸೆಯಿಂದ ನೋಡುತ್ತಿದ್ದುದು ನೆನಪಾಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದೆ. ಕಲಿಸುವವರು ಅರವತ್ತು ದಾಟಿದ ಮಹಿಳೆ. ಮೊದಲ ದಿನ ಅವರು ನನ್ನನ್ನು ಈಜಲು ಬಿಡಲೇ ಇಲ್ಲ. ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಅಂಚಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿಸಿ, ಮುಖವನ್ನು ನೀರೊಳಗಿಟ್ಟು ಮೂಗಿನಿಂದ ಗುಂಯ್‌ಗುಡುತ್ತ ಉಸಿರು ಬಿಡಲು ಹೇಳಿದರು. ನೀರಿಗೆ ಹೆದರುವವರು ಉಸಿರು ಕಟ್ಟಿಕೊಳ್ಳುತ್ತಾರೆ; ಕಟ್ಟಿದ ಉಸಿರೇ ಎದೆಯಲ್ಲಿ ಬಿಗಿದು ಗಾಬರಿಯಾಗುತ್ತದೆ; ನೀರೊಳಗೆ ಉಸಿರು ಪೂರ್ತಿ ಬಿಟ್ಟವನಿಗೆ ತಲೆಯೆತ್ತಿದಾಗ ಒಳಗೆಳೆದುಕೊಳ್ಳುವ ಕೆಲಸವೊಂದೇ ಉಳಿದಿರುತ್ತದೆ ಎಂದು ವಿವರಿಸಿದರು. ಮೂರು ವಾರ ಇದೇ ಅಭ್ಯಾಸ. ಗುಳ್ಳೆಗಳು ಕೆನ್ನೆಯ ಪಕ್ಕದಿಂದ ಕಿವಿಯವರೆಗೆ ಉರುಳಿ ಹೋಗುವ ಸದ್ದು ನನಗೆ ಪರಿಚಿತವಾಯಿತು. ನಾಲ್ಕನೆಯ ವಾರದ ಒಂದು ಸಂಜೆ, ಹೇಳದೆ ಕೇಳದೆ ನನ್ನ ಕಾಲುಗಳು ತಾವಾಗಿ ಮೇಲಕ್ಕೆ ತೇಲಿದವು. ಕಂಬಿಯ ಮೇಲಿದ್ದ ಬೆರಳುಗಳನ್ನು ಒಂದೊಂದಾಗಿ ಬಿಟ್ಟೆ. ಮೈಯ ಭಾರವನ್ನು ನೀರು ಹೊತ್ತುಕೊಂಡಿತ್ತು. ಅಂದು ಮನೆಗೆ ನಡೆದು ಬರುವಾಗ ನನಗಾಗಿದ್ದ ಸಂತೋಷವನ್ನು ಯಾರಿಗಾದರೂ ಹೇಳಿಕೊಳ್ಳಬೇಕೆನಿಸಿತು, ಆದರೆ ನಿಮಗೆ ಆಗ ಮಧ್ಯರಾತ್ರಿ.

ಮೊದಲು 25 ಮೀಟರಿನ ಕೊಳದ ಒಂದು ಉದ್ದವನ್ನು ನಡುವೆ ಎರಡು ಸಲ ನಿಂತು ದಾಟುತ್ತಿದ್ದೆ. ಈಗ ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಲವತ್ತು ಉದ್ದ, ಅಂದರೆ ಒಂದು ಕಿಲೋಮೀಟರ್ ಈಜುತ್ತೇನೆ. ಈಜಿದ ನಂತರ ಹಸಿವು ವಿಪರೀತ. ಮೊದಲ ತಿಂಗಳು ಮನೆಗೆ ಬಂದೊಡನೆ ಸಿಕ್ಕಿದ್ದನ್ನು ತಿಂದು ತೂಕ ಅರ್ಧ ಕಿಲೋ ಏರಿತ್ತು. ಆಮೇಲೆ ಚೀಲದಲ್ಲಿ ಒಂದು ಹಣ್ಣು ಇಟ್ಟುಕೊಂಡು ಹೋಗಿ, ಬಟ್ಟೆ ಬದಲಿಸಿದ ಕೂಡಲೇ ತಿಂದು, ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುವುದನ್ನು ರೂಢಿಸಿಕೊಂಡೆ. ಈಜಿಲ್ಲದ ದಿನಗಳಲ್ಲಿ ಎರಡು ದಿನ ಮನೆಯಲ್ಲೇ ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತುವುದು ಮಾಡುತ್ತೇನೆ. ತೂಕ ಇಳಿಯುವಾಗ ಸ್ನಾಯುವನ್ನು ಕಾಪಾಡಿಕೊಳ್ಳಲು ಇದು ಬೇಕು.

ಎಲ್ಲರೂ ಈಜಬೇಕೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮ ಬೇಕು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರಿದ್ದರೆ ಅದು ಮಧ್ಯಮ ಶ್ರಮ. ಅದು ಕುಣಿತವಾಗಬಹುದು, ಸೈಕಲ್ಲಾಗಬಹುದು, ಗಿಡಗಳ ಬುಡ ಕೆದಕುವುದಾಗಬಹುದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂದು ತಂಗಿ ಹಟ ಹಿಡಿದಿದ್ದಾಳಲ್ಲ, ಆ ಸಂಖ್ಯೆ ಮೊದಲು ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲಿ. ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಬಂದ ಅಧ್ಯಯನವೊಂದರಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು; 7,500 ಹೆಜ್ಜೆಗಳ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಅಮ್ಮ, ಮಂಡಿ ನೋವಿನ ದಿನ ಐದು ಸಾವಿರಕ್ಕೆ ನಿಂತರೂ ನೀವು ಬೇಸರಪಡಬೇಕಾಗಿಲ್ಲ.

ದಿನನಿತ್ಯದ ಓಡಾಟದ ಬೆಲೆ ನಮಗೆ ತಿಳಿದಿರುವುದಕ್ಕಿಂತ ದೊಡ್ಡದು. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ಕಂಡುಬಂತು. ಅದೇ ಬಸ್ಸು, ಅದೇ ಪಾಳಿ, ವ್ಯತ್ಯಾಸ ಮೆಟ್ಟಿಲಿನದು. ನಾನೀಗ ಫೋನಿನಲ್ಲಿ ಮಾತನಾಡುವಾಗ ಕೂರುವುದಿಲ್ಲ. ನಿಮ್ಮೊಡನೆ ಭಾನುವಾರ ಮುಕ್ಕಾಲು ಗಂಟೆ ಮಾತನಾಡುವಾಗ ಚಿತ್ರ ಅಲ್ಲಾಡುತ್ತದೆಂದು ಅಪ್ಪ ದೂರುತ್ತಿದ್ದಿರಲ್ಲ, ಅದು ಇದರಿಂದಲೇ.

ನಿದ್ರೆಯ ವಿಷಯ ಒಂದೆರಡು ಸಾಲು. ನಿದ್ರೆ ಕಡಿಮೆಯಾದರೆ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಿ, ತೃಪ್ತಿಯನ್ನು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ತಗ್ಗುತ್ತದೆಂದು ಸಂಶೋಧಕರು ಕಂಡಿದ್ದಾರೆ. ಹನ್ನೊಂದರೊಳಗೆ ಮಲಗಲು ಆರಂಭಿಸಿದ ಮೇಲೆ ನನ್ನ ರಾತ್ರಿಯ ತಿಂಡಿ ತಾನಾಗಿ ನಿಂತುಹೋಯಿತು.

ನಡುವೆ ತೂಕ 85ರಲ್ಲಿ ಮೂರು ತಿಂಗಳು ಕದಲದೆ ನಿಂತಿತ್ತು. ದೇಹ ಚಿಕ್ಕದಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ, ಆದ್ದರಿಂದ ಹೀಗೆ ನಿಲ್ಲುವುದು ಸಹಜ. ಆದರೂ ಆ ಮೂರು ತಿಂಗಳು ನನ್ನ ಮನಸ್ಸು ಕುಗ್ಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಪ್ರತಿದಿನ ಬೆಳಿಗ್ಗೆ ಯಂತ್ರದ ಮೇಲೆ ನಿಲ್ಲುವುದನ್ನು ಬಿಟ್ಟು ವಾರಕ್ಕೊಮ್ಮೆ ನೋಡತೊಡಗಿದೆ, ಏಕೆಂದರೆ ಉಪ್ಪು, ನೀರು, ಮಲವಿಸರ್ಜನೆ ಇವುಗಳಿಂದಲೇ ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಹಿಂದೆ ಮುಂದೆ ಆಗುತ್ತದೆ. ಅದೇ ಮೂರು ತಿಂಗಳಲ್ಲಿ ನನ್ನ ಬೆಲ್ಟು ಮಾತ್ರ ಒಂದು ತೂತು ಒಳಕ್ಕೆ ಸರಿಯಿತು. ಹಳೆಯ ತೂತಿನ ಬಳಿ ತೊಗಲು ಸುಕ್ಕಾಗಿ ಬಿಳಿಚಿಕೊಂಡ ಗೆರೆ ಈಗ ಕೊಕ್ಕೆಯಿಂದ ನಾಲ್ಕು ಬೆರಳು ದೂರದಲ್ಲಿದೆ. ಸೊಂಟದ ಸುತ್ತಳತೆ ನಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂದು ಹೇಳುತ್ತಾರೆ. ನಾನಿನ್ನೂ ಆ ಗೆರೆಗೆ ಎರಡು ಸೆಂಟಿಮೀಟರ್ ಹೊರಗಿದ್ದೇನೆ.

ಅಪ್ಪ, ಈಗ ನಿಮ್ಮ ವಿಷಯ. ನಿಮ್ಮ ರಕ್ತದ ಸಕ್ಕರೆ ಮಧುಮೇಹದ ಗಡಿಯಲ್ಲಿದೆ ಎಂದಿರಿ. ಅಂಥ ಗಡಿಯಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದೇಹದ ತೂಕದ ಶೇಕಡಾ 7ರಷ್ಟು ಇಳಿಸುವುದನ್ನೂ ವಾರಕ್ಕೆ 150 ನಿಮಿಷ ನಡೆಯುವಂಥ ಶ್ರಮವನ್ನೂ ಗುರಿಯಾಗಿಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಯಿತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಅದು ಶೇಕಡಾ 31 ಮಾತ್ರ. 84 ಕಿಲೋ ಇರುವ ನಿಮಗೆ ಶೇಕಡಾ 7 ಎಂದರೆ ಆರು ಕಿಲೋಗಿಂತ ಕಡಿಮೆ. ಮಂಡಿ ಸವೆದವರ ಅಧ್ಯಯನದಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಕಡಿಮೆಯಾಗುವುದು ಕಂಡುಬಂದಿದೆ. ಆರು ಕಿಲೋಗೆ ಎಷ್ಟಾಗುತ್ತದೆಂದು ಮೆಟ್ಟಿಲು ಇಳಿಯುವಾಗ ಎಣಿಸಿ ನೋಡಿ. ಅದಕ್ಕೆ ಒಂದು ವರ್ಷ ತೆಗೆದುಕೊಳ್ಳಿ, ಯಾರೂ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿಲ್ಲ.

ಆರಂಭಕ್ಕೆ ರಾತ್ರಿ ಊಟದ ನಂತರ ನೀವಿಬ್ಬರೂ ಹದಿನೈದು ನಿಮಿಷ ಜೊತೆಯಾಗಿ ನಡೆಯಿರಿ. ಊಟದ ಮೇಲಿನ ಸಣ್ಣ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರದಂತೆ ತಡೆಯುತ್ತದೆ. ಬೇರೆ ಏನನ್ನೂ ಈಗಲೇ ಬದಲಿಸಬೇಡಿ. ಲಂಡನ್ನಿನ ಸಂಶೋಧಕರು 2010ರಲ್ಲಿ ತಿಳಿಸಿದಂತೆ ಹೊಸದೊಂದು ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕು. ಕೆಲವರಿಗೆ ಹದಿನೆಂಟೇ ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತೆಂದು ಅಂದಾಜಾಯಿತು. ನಡಿಗೆ ಕೂಡಿಬಂದ ಮೇಲೆ ಸಕ್ಕರೆಯ ಚಮಚದ ಯೋಚನೆ ಮಾಡೋಣ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ತೂಕ ಇಳಿದಂತೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಬೇಕಾಗಬಹುದು, ಎದ್ದು ನಿಂತಾಗ ತಲೆ ಸುತ್ತಿದರೆ ಕೂಡಲೇ ವೈದ್ಯರಿಗೆ ತಿಳಿಸಿ. ಆ ಒಂದು ತಿಂಗಳ ಉಪವಾಸದ ಚೀಟಿಯನ್ನೂ ಅವರಿಗೆ ತೋರಿಸಿ, ಅವರ ಅಭಿಪ್ರಾಯವನ್ನು ನೀವೇ ಕೇಳಿ.

ತಂಗಿಗೆ ಒಂದು ಕೆಲಸ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಹೊಲಿಗೆಯ ಟೇಪಿನಿಂದ ನಿಮ್ಮಿಬ್ಬರ ಸೊಂಟದ ಅಳತೆ ತೆಗೆದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಲಿ. ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕೆಂದು ಅಪ್ಪನಿಗೆ ಅವಳು ನೆನಪಿಸಲಿ. ಅದೇ ದಿನ ನಾನೂ ಇಲ್ಲಿ ಅಳೆದು ಬರೆದಿಟ್ಟಿರುತ್ತೇನೆ, ಸಂಜೆಯ ಕರೆಯಲ್ಲಿ ಮೂವರ ಅಳತೆಯನ್ನೂ ಹೇಳಿಕೊಳ್ಳೋಣ.

ಅಮ್ಮ, ಮುಂದಿನ ಸಲ ಬಂದಾಗ ನೀವು ಬಡಿಸಿದ್ದನ್ನು ಖಂಡಿತ ಉಣ್ಣುತ್ತೇನೆ. ನಿಧಾನವಾಗಿ, ನಿಮ್ಮ ಪಕ್ಕದಲ್ಲಿ ಕುಳಿತು.

ಇಂತಿ ನಿಮ್ಮ ಪ್ರೀತಿಯ ಮಗ